ರಾಜೂರಿಗೆ ಮೊದಲೇ ಇಳಿದವರು

ಒಬ್ಬರ ಮನಸ್ಸಿನಲ್ಲಿರುವುದು ಇನ್ನೊಬ್ಬರಿಗೆ ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಇಂಥ ಮಾತುಗಳನ್ನು ಸ್ಟಾಫ್‌ರೂಮಿನ ಹರಟೆಯಲ್ಲಿ ಕೇಳಿ ಅಲ್ಲೇ ಬಿಟ್ಟು ಬರುತ್ತಿದ್ದೆ. ಈಗ ನಗು ಬರುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ.

ನನಗೆ ಕಥೆ ಬರೆಯುವ ಹವ್ಯಾಸವಿತ್ತು. ಕಥೆಗಳೆಲ್ಲ ಸಿಗುತ್ತಿದ್ದದ್ದು ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ. ಶಾಲೆ ಬಿಟ್ಟ ಮೇಲೆ ರೋಣದ ಬಸ್ಸಿಗೆ ಕಾಯುತ್ತ ಕೂತು ಎದುರಿನವರನ್ನು ನೋಡುತ್ತಿದ್ದೆ. ಸವೆದ ಚಪ್ಪಲಿ, ಪದೇ ಪದೇ ಮೊಬೈಲ್ ತೆಗೆದು ನೋಡುವ ಕೈ, ಗಂಟಿನ ಮೇಲೇ ತಲೆಯಿಟ್ಟು ಬಂದ ನಿದ್ದೆ. ಇಷ್ಟು ಸಾಕಿತ್ತು. ಅವರಿಗೊಂದು ಹೆಸರು, ಒಂದು ಮನೆ, ಒಂದು ಸಂಕಟ ಕೊಟ್ಟು ಮನಸ್ಸಿನಲ್ಲೇ ಮುಂದಕ್ಕೆ ನಡೆಸುತ್ತಿದ್ದೆ.

ಕೆಲವು ವರ್ಷಗಳ ಹಿಂದೆ, ಒಂದು ಸಂಜೆ, ಎದುರಿನ ಕಟ್ಟೆಯ ಮೇಲೆ ಗಂಡ ಹೆಂಡತಿ ಕೂತಿದ್ದರು. ಹೆಂಡತಿಗೆ ಐವತ್ತೈದರ ಆಸುಪಾಸು. ಬೆರಳಲ್ಲಿ ನೂಲಿನ ಬಣ್ಣ ಇಳಿದಿತ್ತು. ನೇಕಾರರ ಮನೆಯವಳು ಎಂದುಕೊಂಡೆ. ಒಂದು ಕೈಯಲ್ಲಿ ಆಧಾರ್ ಕಾರ್ಡು, ಇನ್ನೊಂದರಲ್ಲಿ ಎಕ್ಸರೇ ಇಟ್ಟ ದೊಡ್ಡ ಲಕೋಟೆ. ಗಂಡ ಅವಳ ಭುಜಕ್ಕೆ ಒರಗಿ ಬಾಯಿ ತೆರೆದು ಉಸಿರಾಡುತ್ತಿದ್ದ.

ನಾನು ಕಥೆ ಶುರುಮಾಡಿದೆ. ರೋಣದ ಮೇಲೆ ಹಾಯ್ದು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಹೊರಟಿದ್ದಾರೆ. ಆಸೆಯಿಲ್ಲವೆಂದು ಇಲ್ಲಿಯ ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದಾರೆ. ಅವಳು ಗಂಡನಿಗೆ ಹೇಳಿಲ್ಲ. ಆದರೆ ಅವನು ಹುಬ್ಬಳ್ಳಿ ಮುಟ್ಟುವುದಿಲ್ಲ. ರೋಣದ ದಾರಿಯಲ್ಲಿ ಸಿಗುವ ರಾಜೂರು ದಾಟುವುದಕ್ಕೆ ಮೊದಲೇ ಅವಳ ಭುಜದ ಮೇಲೆ ಪ್ರಾಣ ಬಿಡುತ್ತಾನೆ. ರಾಜೂರೇ ಯಾಕೆ ನೆನಪಾಯಿತೋ ತಿಳಿಯದು.

ಅಷ್ಟರಲ್ಲಿ ಅವಳು ಗಂಡನ ತಲೆಯನ್ನು ಮೆಲ್ಲಗೆ ಕಂಬಕ್ಕೆ ಒರಗಿಸಿ, ಎದ್ದು ನೇರ ನನ್ನ ಬಳಿ ಬಂದಳು.

"ಅಕ್ಕಾರ, ನಮ್ಮ ಮನಿಯವ್ರು ರಾಜೂರ ದಾಟೂದಿಲ್ಲೇನ್ರಿ?"

"ಯಾರು ಹೇಳಿದ್ರವ್ವಾ ನಿಮಗ?" ಎಂದೆ.

"ನೀವ ಈಗ ಅಂದ್ರಲ್ರಿ."

ನಾನು ತುಟಿ ಬಿಚ್ಚಿರಲಿಲ್ಲ. ನನಗೆ ತಿಳಿಯದೆ ಗೊಣಗಿದ್ದರೂ ಅಷ್ಟು ಗದ್ದಲದಲ್ಲಿ, ಅಷ್ಟು ದೂರಕ್ಕೆ ಕೇಳಿಸುವಂತಿರಲಿಲ್ಲ. ಗಡಬಡಿಸಿ, "ಇಲ್ಲವ್ವಾ, ಅವರಿಗೆ ಆರಾಮ ಆಗ್ತೈತಿ. ಇಬ್ಬರೂ ಕೂಡೇ ಮನಿಗೆ ಬರ್ತೀರಿ" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ಇದನ್ನ ಸಮಾಧಾನಕ್ಕ ಹೇಳಾಕತ್ತೀರಿ. ಮೊದಲ ಅಂದದ್ದ ಖರೇ" ಎಂದಳು.

ಬಸ್ಸು ಬಂತು. ಗಂಡನನ್ನು ಸೊಂಟಕ್ಕೆ ಆನಿಸಿಕೊಂಡು ಹತ್ತಿಸಿದಳು. ನಾನು ಹೋಗಬೇಕಿದ್ದದ್ದೂ ಅದೇ ಬಸ್ಸಿನಲ್ಲಿ. ಹೋಗಲಾಗಲಿಲ್ಲ. ಅದರ ಹಿಂದೆ ಬಂದ ಬಸ್ಸಿನಲ್ಲಿ ಹೋದೆ. ರಾಜೂರು ಬಂದಾಗ ಕಿಟಕಿಯ ಹೊರಗೆ ನೋಡುವ ಧೈರ್ಯ ಬರಲಿಲ್ಲ.

ಮರುದಿನ ಆ ಬಸ್ಸಿನ ಕಂಡಕ್ಟರ್ ಸಿಕ್ಕ. ದಿನವೂ ನೋಡುವ ಮುಖ. ಅವರ ಬಗ್ಗೆ ವಿಚಾರಿಸಿದೆ.

"ಹುಬ್ಬಳ್ಳಿಗಂತ ಹತ್ತಿದ್ರು ಅಕ್ಕಾರ. ರಾಜೂರ ಇನ್ನ ಸ್ವಲ್ಪ ದೂರ ಇತ್ತು, ಗಾಡಿ ನಿಲ್ಲಸಂತ ಆಕಿ ಒದರಾಕತ್ತಿದ್ಲು. ಇಲ್ಲಿ ಸ್ಟಾಪ್ ಇಲ್ಲವ್ವಾ, ರಾಜೂರ ಮುಂದೈತಿ ಅಂದ್ನಿ. ‘ಅದಕ್ಕ ಇಲ್ಲೇ ಇಳೀತೀವಪಾ’ ಅಂದ್ಲು."

"ಅವರು ಹ್ಯಾಂಗಿದ್ರು? ಗಂಡ?"

"ಜೀವ ಇತ್ರಿ. ಆಕಿ ಕೈ ಹಿಡಕೊಂಡಿದ್ದ. ಇಬ್ಬರೂ ತಿರುಗಿ ಗಜೇಂದ್ರಗಡದ ಕಡೆ ನಡಕೊಂತ ಹೊಂಟ್ರು."

ಉಸಿರಾಡಲೂ ಆಗದವನು ಎಷ್ಟು ದೂರ ನಡೆದಾನು? ಆಸ್ಪತ್ರೆಯ ದಾರಿಯನ್ನೇ ಬಿಟ್ಟು ಅವಳು ಅವನನ್ನು ಉಳಿಸಿಕೊಳ್ಳಲು ನೋಡಿದ್ದಳು. ಅವರು ಮನೆ ಮುಟ್ಟಿದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನೇಕಾರರ ಓಣಿಗಳಲ್ಲಿ ಕೇಳಿ ನೋಡಿದೆ. ಅಂಥವರು ಯಾರೆಂದು ಯಾರೂ ಗುರುತು ಹಿಡಿಯಲಿಲ್ಲ.

ನನ್ನ ಕಥೆ ಅವಳಿಗೆ ಕೇಳಿಸಿತೋ, ಅವಳ ಒಳಗಿದ್ದ ಭಯವೇ ನನ್ನೊಳಗೆ ಬಂದು ಅದನ್ನು ನಾನು ಕಥೆ ಎಂದುಕೊಂಡೆನೋ, ಇಂದಿಗೂ ತಿಳಿದಿಲ್ಲ. ಆಮೇಲೆ ನಾನು ಒಂದು ಕಥೆಯನ್ನೂ ಬರೆದಿಲ್ಲ. ಬಸ್ಸಿಗೆ ಕಾಯುವಾಗ ಯಾರಾದರೂ ಎದುರು ಬಂದು ಕೂತರೆ ಎದ್ದು ಹೋಗಿ ಬಿಸಿಲಲ್ಲಿ ನಿಲ್ಲುತ್ತೇನೆ.