ಅಜ್ಜಿ ಓದಿಸುತ್ತಿದ್ದ ಪುಸ್ತಕ

ಬೆಳಿಗ್ಗೆ ಟ್ರಂಕಿನಿಂದ ಹಳೆಯ ಸುವಾರ್ತೆ ಪುಸ್ತಕ ತೆಗೆದೆ. ಒಣಗಿದ ಬೇವಿನೆಲೆಯ ವಾಸನೆ ಬಂತು. ಅದು ನಮ್ಮಜ್ಜಿಯದು. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೂ, "ಯೇಸಪ್ಪನ ಮಾತ ನಾಕ್ ಜನಕ್ಕೆ ಏಳ್ದಿದ್ರೆ ಉಂಡಿದ್ದು ಮೈಗತ್ತಾಕಿಲ್ಲ" ಎನ್ನುತ್ತಿದ್ದಳು.

ಒಂದು ದಿನ ನನ್ನ ಕೈಹಿಡಿದು ಹಳ್ಳಿಮೈಸೂರಿನ ರೈತನೊಬ್ಬನ ಜಗುಲಿಗೆ ಹೋದಳು. ಹಿಂದಿನ ವಾರವಷ್ಟೇ, "ನಿನ್ ದೇವ್ರ ಸುದ್ದಿ ನಮಗ್ಯಾಕೆ, ಓಗಮ್ಮೋ" ಎಂದು ಅಟ್ಟಿದ್ದ ಮನೆ. ಅಜ್ಜಿ ಈ ಸಲ ಉಪದೇಶಕ್ಕೆ ಇಳಿಯಲಿಲ್ಲ.

"ನಂಗೆ ಓದಾಕೆ ಬರಾಕಿಲ್ಲ ಕಣಪ್ಪ. ನಿನ್ ಮಗಳು ಇಸ್ಕೂಲಿಗೋಯ್ತಾಳಂತಲ್ಲ, ಒಸಿ ಓದಿ ಏಳ್ಲಿ" ಎಂದಳು.

ಮಹಾರಾಜರ ಕಾಲದ ಹಳ್ಳಿಯಲ್ಲಿ ಓದುವ ಹುಡುಗಿಯೇ ಅಪರೂಪ. ಅವಳಪ್ಪನ ಮುಖ ಅರಳಿತು. ಹುಡುಗಿ ಬೆರಳಿಟ್ಟು, ನೂರರಲ್ಲಿ ಕಳೆದುಹೋದ ಒಂದು ಕುರಿಯನ್ನು ಕುರುಬ ಹುಡುಕಹೊರಟ ಕಥೆ ಓದತೊಡಗಿದಳು.

"ತೊಂಬತ್ತೊಂಬತ್ತ ಬುಟ್ಟು ಒಂದ್ರ ಹಿಂದೆ ಓಗ್ಬುಟ್ನಾ? ಎಂಥಾ ದಡ್ಡ!" ಎಂದು ಅವನು ನಕ್ಕ.

ಅಷ್ಟರಲ್ಲಿ ತಾಯಿ ಹುಡುಗಿಯನ್ನು ಒಳಗೆ ಕರೆದಳು. ಅಜ್ಜಿ ಪುಸ್ತಕ ಮಡಚಿ ಎದ್ದಳು.

"ಏ, ಕೂತ್ಕೊಳವ್ವ! ಕುರಿ ಸಿಕ್ತಾ ಇಲ್ವಾ?" ಎಂದ ಅವನು.

ಕಥೆಯೆಲ್ಲ ಬಾಯಿಪಾಠವಿದ್ದ ಅಜ್ಜಿ ತುಟಿ ಬಿಚ್ಚದೆ ಕೂತು, ಹುಡುಗಿ ಬರುವುದನ್ನೇ ಕಾದಳು.

ಈಗಷ್ಟೇ ಪಕ್ಕದ ಮನೆಯ ಹುಡುಗಿ ಬಂದು, "ಅದೇನಜ್ಜಿ ಪುಸ್ತಕ?" ಎಂದಳು. ನಾನು ಕನ್ನಡಕವನ್ನು ಮೆಲ್ಲಗೆ ದಿಂಬಿನಡಿಗೆ ಸರಿಸಿದೆ.

"ಒಸಿ ಓದಿ ಏಳವ್ವ."