ಬಲಕ್ಕ ನಿಮ್ಮಕ್ಕ ಅದಾಳ

ಹೋದ ವಾರ ಹಾವೇರಿಯಿಂದ ಹೊರಟ ಬಸ್ಸು ಬ್ಯಾಡಗಿಯ ಮಾರುಕಟ್ಟೆ ಹತ್ತಿರ ತಿರುಗಿತೋ ಇಲ್ಲವೋ, ಒಣಮೆಣಸಿನಕಾಯಿಯ ಘಾಟು ಕಿಟಕಿಯಿಂದ ಒಳಗೆ ನುಗ್ಗಿತು. ಮುಂದಿನ ಸೀಟಿನ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಂಡಕ್ಟರು ಸೀನುವ ಭರದಲ್ಲಿ ಸೀಟಿ ಊದುವುದನ್ನೇ ಮರೆತ. ನಾನು ಮಾತ್ರ ಕಿಟಕಿ ಸರಿಸಲಿಲ್ಲ. ಕಣ್ಣಲ್ಲಿ ನೀರು ಬಂತು. ಘಾಟಿಗೆ ಬಂತು ಎನ್ನಬಹುದಿತ್ತು, ಆದರೆ ಅದು ಸುಳ್ಳು. ನನಗೆ ಭಾವ ನೆನಪಾಗಿದ್ದ. ಈ ಜನ್ಮದಲ್ಲಿ ಅವನಷ್ಟು ಇನ್ನೊಬ್ಬರನ್ನು ನಾನು ದ್ವೇಷಿಸಿಲ್ಲ.

ಭಾವ ಆ ಮಾರುಕಟ್ಟೆಯಲ್ಲಿ ದೊಡ್ಡ ಖರೀದಿದಾರರೊಬ್ಬರ ಪರವಾಗಿ ಮಾಲು ನೋಡುವವನು. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಕಾಯಿ ಎಳೆದು, ನಡುವೆ ಮುರಿದು ಮೂಗಿಗೆ ಹಿಡಿಯುತ್ತಿದ್ದ. ಯಾವ ಹೊಲದ್ದು, ಎಷ್ಟು ದಿನ ಒಣಗಿದೆ, ತೂಕ ಬರಲೆಂದು ನೀರು ಚಿಮುಕಿಸಿದ್ದಾರೋ ಇಲ್ಲವೋ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದ. ಅವನ ಮೂಗಿಗೆ ಇಡೀ ಪೇಟೆ ಕೈಮುಗಿಯುತ್ತಿತ್ತು. ಮನೆಗೆ ಬಂದರೆ ಅದೇ ಕೈ ನನ್ನ ಅಕ್ಕನ ಮೇಲೆ ಬೀಳುತ್ತಿತ್ತು. ಮುಖಕ್ಕೆ ಹೊಡೆದರೆ ಕಣ್ಣಿಗೆ ಖಾರ ಹತ್ತುತ್ತಿತ್ತಂತೆ. ಪೆಟ್ಟಿಗಿಂತ ಅದೇ ಹೆಚ್ಚು ಉರಿಯುತ್ತಿತ್ತೆಂದು ಅಕ್ಕ ಒಮ್ಮೆ ಹೇಳಿದ್ದಳು.

ಒಂದು ಯುಗಾದಿಗೆ ಅವಳು ಹಲಗೇರಿಯ ನಮ್ಮ ಮನೆಗೆ ಒಡೆದ ಬಳೆಯ ಗಾಯ ಹೊತ್ತುಕೊಂಡು ಬಂದಳು. ನಾನಾಗ ರಾಣೆಬೆನ್ನೂರಿನಲ್ಲಿ ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದೆ. ಮರುದಿನ ಕೆಲಸಕ್ಕೆ ಹೋಗಲಿಲ್ಲ. ನೆಟ್ಟಗೆ ಬ್ಯಾಡಗಿಗೆ ಹೋಗಿ, ಚೀಲಗಳ ನಡುವೆ ನಿಂತಿದ್ದವನ ಬಾಯಿಗೆ ಗುದ್ದಿದೆ. ಮುಂದಿನ ಹಲ್ಲು ಮುರಿದು ಮೆಣಸಿನಕಾಯಿಯ ರಾಶಿಯಲ್ಲಿ ಬಿತ್ತು. ಕೆಂಪಿನಲ್ಲಿ ರಕ್ತ ಕಾಣಲಿಲ್ಲ. ಅವನು ನನ್ನನ್ನು ಕೆಡವಿ ಎದೆಯ ಮೇಲೆ ಕುಳಿತು ಕುತ್ತಿಗೆ ಹಿಸುಕಿದ. ಹಮಾಲರು ಬಂದು ಬಿಡಿಸದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಆಮೇಲೆ ಅವನ ಎರಡೂ ಕಿಡ್ನಿ ಕೈಕೊಟ್ಟವು. ಖರೇ ಹೇಳುತ್ತೇನೆ, ನನಗೆ ಖುಷಿಯಾಗಿತ್ತು. ಆದರೆ ಅಕ್ಕ ತನ್ನದೊಂದು ಕೊಡುತ್ತೇನೆಂದು ಹಟ ಹಿಡಿದಳು. ನಾನು ಅಡುಗೆಮನೆಯಲ್ಲಿ ಪಾತ್ರೆ ಎಸೆದು ಕೂಗಾಡಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಅವ್ರು ಸತ್ತರ ಪಾರಾಗಿ ಹೋದಂಗ ತಮ್ಮಾ. ಹಂಗ ಬಿಡೂದಿಲ್ಲ. ಬದುಕಬೇಕು. ದಿನಾ ಮುಂಜಾನೆದ್ದು ನನ್ನ ಮುಖಾ ನೋಡಿ ಬದುಕಬೇಕು."

ಇಷ್ಟು ಸಿಟ್ಟಿನಲ್ಲಿ ಯಾರಾದರೂ ದಾನ ಮಾಡುತ್ತಾರೆಯೇ... ಅವಳು ಮಾಡಿದಳು.

ಅಕ್ಕನ ಎಡಗಡೆಯ ಕಿಡ್ನಿ ತೆಗೆದು ಅವನ ಹೊಟ್ಟೆಯ ಬಲಬದಿಗೆ ಕೂರಿಸಿದರು. ಆಪರೇಷನ್ ಆದ ಮೇಲೆ ಅವನು ಕೈ ಎತ್ತಲಿಲ್ಲ. ಒಳ್ಳೆಯವನಾದ ಎಂದು ನಾನು ಹೇಳುವುದಿಲ್ಲ. ಕೈ ಎತ್ತಲಿಲ್ಲ, ಅಷ್ಟೆ. ಹೊಸ ಕಿಡ್ನಿಯನ್ನು ದೇಹ ತಳ್ಳಿಬಿಡಬಾರದೆಂದು ಬೆಳಿಗ್ಗೆ, ಸಂಜೆ ಗಡಿಯಾರ ನೋಡಿ ಮಾತ್ರೆ ನುಂಗಬೇಕಿತ್ತು. ಆ ಮಾತ್ರೆಗಳು ಮೈಯ ಕಾವಲನ್ನೇ ಮಲಗಿಸುತ್ತವೆ, ಆದ್ದರಿಂದ ಬೂಸ್ಟು ಹಿಡಿದ ಧೂಳು ಮೂಗಿಗೆ ಹೋಗಬಾರದೆಂದು ಡಾಕ್ಟರು ಬೈದು ಹೇಳಿದ್ದರು. ಪೇಟೆ ಬಿಟ್ಟುಬಿಡು ಎಂದರು. ಅವನು ಬಿಡಲಿಲ್ಲ. ಮಾಸ್ಕ್ ಹಾಕಿಕೊಂಡು ದೂರ ನಿಂತು ಬಣ್ಣ ನೋಡಿಯೇ ಮಾಲಿನ ಗುಣ ಹೇಳತೊಡಗಿದ. ಮೂಗು ಮುಚ್ಚಿದ ಭಾವ ಪೇಟೆಯಲ್ಲಿ ಹಲ್ಲು ಕಿತ್ತ ಹಾವಿನಂತಿದ್ದ. ಹಲ್ಲು ಕಿತ್ತವನು ನಾನೇ ಎಂದು ಹಮಾಲರು ಚಾಷ್ಟಿ ಮಾಡುತ್ತಿದ್ದರು.

ಒಳಗಿನ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ. ಅವನು ಗುಡ್ಡ ಹತ್ತತೊಡಗಿದ. ಮೊದಲು ರಾಣೆಬೆನ್ನೂರಿನ ಹೊರಗಿನ ಕಲ್ಲುಗುಡ್ಡ, ಆಮೇಲೆ ಚಾರಣದ ಗುಂಪಿನವರ ಜೊತೆ ಹಗ್ಗ ಕಟ್ಟಿ ಬಂಡೆ. ಮಂಡಿ ತರಚಿ, ಉಗುರು ಕಿತ್ತು ಮನೆಗೆ ಬರುತ್ತಿದ್ದ. ಯಾಕೆ ಈ ಹುಚ್ಚು ಎಂದು ಕೇಳಿದ್ದಕ್ಕೆ, "ಗುಡ್ಡಾ ತಿರುಗಿ ಹೊಡಿತೈತಿ. ಅದಕ್ಕ ಅದರ ಕೂಡ ಜಿದ್ದು ಹತ್ತೈತಿ ನನಗ," ಅಂದಿದ್ದ.

ವರ್ಷಗಳು ಕಳೆದವು. ತಪಾಸಣೆಗಳೆಲ್ಲ ಚೆನ್ನಾಗಿ ಬಂದು, ಡಾಕ್ಟರೂ ಒಪ್ಪಿದ ಮೇಲೆ ಹಿಮಾಲಯದ ಒಂದು ಸಣ್ಣ ಶಿಖರಕ್ಕೆ ಹೊರಟ. ಅಕ್ಕ ನನ್ನನ್ನೂ ಅವನ ಜೊತೆ ಗಂಟುಹಾಕಿದಳು. ಒಂದು ವರ್ಷ ನಾನೂ ಅವನ ಹಿಂದೆ ಬಂಡೆ ಹತ್ತಿ ಕಲಿತೆ. ರೈಲು ಹತ್ತುವ ಮೊದಲೇ ಅವನಿಗೆ ಹೇಳಿದ್ದೆ: "ನಿನ್ನ ಕಾಯಾಕ ಬರಾಕತ್ತಿಲ್ಲ. ನಮ್ಮಕ್ಕನ ಕಿಡ್ನಿ ಕಾಯಾಕ ಬರಾಕತ್ತೇನಿ." ಅವನು ಮುರಿದ ಹಲ್ಲು ತೋರಿಸಿ ನಕ್ಕ. ಆ ಹಲ್ಲು ಅವನು ಕೊನೆಯವರೆಗೂ ಕಟ್ಟಿಸಲಿಲ್ಲ.

ಶಿಖರದ ದಿನ ಬೆಳಕು ಹರಿದ ಮೇಲೆ ಗಾಳಿ ಎದ್ದಿತು. ನಮ್ಮ ಕಡೆ ಗಾಳಿ ಎಂದರೆ ಕಾಳು ತೂರಲಿಕ್ಕೆ ಬೇಕಾದ್ದು. ಅಲ್ಲಿಯದು ಕೊಲ್ಲಲಿಕ್ಕೆ ಬಂದಿತ್ತು. ಮಂಜಿನ ಚೂರು ಮುಖಕ್ಕೆ ಹರಳಿನಂತೆ ಬಡಿಯುತ್ತಿತ್ತು. ಮುಂದೆ ಗೈಡು, ನಡುವೆ ನಾನು, ಹಿಂದೆ ಭಾವ, ಮೂವರಿಗೂ ಒಂದೇ ಹಗ್ಗ. ತುದಿ ಕಣ್ಣಿಗೆ ಕಾಣುತ್ತಿತ್ತು. ಆಗ ಭಾವನ ಕಾಲು ಜಾರಿತು.

ಹಗ್ಗ ನನ್ನ ಸೊಂಟವನ್ನು ಕಿತ್ತುಕೊಂಡು ಹೋಗುವಂತೆ ಜಗ್ಗಿತು. ನಾನು ಕವುಚಿ ಬಿದ್ದು ಐಸ್ ಕೊಡಲಿಯನ್ನು ಹಿಮಕ್ಕೆ ಕುಟ್ಟಿದೆ. ಕೆಳಗೆ ಅವನು ಇಳಿಜಾರಿನಲ್ಲಿ ನೇತಾಡುತ್ತ ಒದ್ದಾಡುತ್ತಿದ್ದ. ಕೈಗವುಸಿನೊಳಗೆ ನನ್ನ ಅಂಗೈ ಸುಲಿಯಿತು. ಸೊಂಟದಲ್ಲಿ ಚಾಕು ಇತ್ತು. ಕೊಯ್ದುಬಿಡು, ಯಾರಿಗೂ ಗೊತ್ತಾಗುವುದಿಲ್ಲ... ಹೀಗೆ ಅನ್ನಿಸಿದ್ದು ಒಂದು ಕ್ಷಣವಲ್ಲ. ಗೈಡು ಗೂಟ ಬಡಿದು ಹಗ್ಗ ಬಿಗಿಯುವಷ್ಟು ಹೊತ್ತೂ ಅನ್ನಿಸುತ್ತಲೇ ಇತ್ತು. ನಾನು ಹಲ್ಲು ಕಚ್ಚಿ ಹಿಡಿದುಕೊಂಡೆ.

ಮೇಲೆ ಎಳೆದು ಹಾಕಿದಾಗ ಅವನ ಗಡ್ಡದಲ್ಲಿ ವಾಂತಿ ಹೆಪ್ಪುಗಟ್ಟಿತ್ತು. ಕೇಳಿದರೆ ಬಾಯಿಬಿಟ್ಟ. ಬೆಳಗಿನ ಮಾತ್ರೆ ನುಂಗಿದ ಕೂಡಲೇ ವಾಂತಿಯಾಗಿತ್ತಂತೆ. ಹೇಳಿದರೆ ಕೆಳಗೆ ಇಳಿಸುತ್ತಾರೆಂದು ಮುಚ್ಚಿಟ್ಟಿದ್ದ. ನನಗೆ ಮೈಮೇಲೆ ಎಚ್ಚರ ಉಳಿಯಲಿಲ್ಲ. ಅವನ ಎದೆಯ ಮೇಲೆ ಮೊಣಕಾಲೂರಿ ಮುಖಕ್ಕೆ ಗುದ್ದಿದೆ, ಭುಜಕ್ಕೆ ಗುದ್ದಿದೆ. ಗೈಡು ಕೂಗುತ್ತಿದ್ದ. ಭಾವನ ಮೂಗಿನಿಂದ ರಕ್ತ ಹಿಮದ ಮೇಲೆ ಚೆಲ್ಲಿತು. ಈ ಸಲ ಚೆನ್ನಾಗಿ ಕಂಡಿತು. ಹೊಟ್ಟೆಗೆ ಹೊಡೆಯಲು ಕೈ ಎತ್ತಿದಾಗ ಅವನು ಎರಡೂ ಅಂಗೈ ಹೊಟ್ಟೆಯ ಬಲಬದಿಗೆ ಅಡ್ಡ ಇಟ್ಟುಕೊಂಡ.

"ಹೊಡಿ. ಎಡಕ್ಕ ಹೊಡಿ. ಬಲಕ್ಕ ನಿಮ್ಮಕ್ಕ ಅದಾಳ."

ನನ್ನ ಕೈ ಅಲ್ಲೇ ನಿಂತಿತು. ಅವನು ಅಂಗಿಯೊಳಗಿನ ಚೀಲ ತೆಗೆದು, ಇನ್ನೊಂದು ಸಲದ ಮಾತ್ರೆ ನುಂಗಿದ. ಈ ಸಲ ಅದು ಹೊಟ್ಟೆಯಲ್ಲಿ ನಿಂತಿತು. ತುದಿಯ ಕಡೆ ಒಮ್ಮೆ ನೋಡಿದ. ಬೇಕೆಂದರೆ ಹೋಗಬಹುದಿತ್ತು, ಗಾಳಿ ಇಳಿಯುತ್ತಿತ್ತು.

"ಸಾಕು. ಆಕಿನ್ನ ಕರಕೊಂಡು ಕೆಳಗ ಹೋಗೂಣು," ಅಂದ.

ಅವತ್ತು ಇಳಿಯುವಾಗ ನಾನು ಅವನನ್ನು ಕ್ಷಮಿಸಿದೆನೋ ಗೊತ್ತಿಲ್ಲ. ಆದರೆ ಅವನ ಬಲಗಡೆಯೇ ನಡೆದೆ, ಅದು ನೆನಪಿದೆ.

ಬೆಟ್ಟ ಅವನನ್ನು ಬಿಟ್ಟು ಕೊಟ್ಟಿತು. ಕೊಂದದ್ದು ಬ್ಯಾಡಗಿಯ ಒಂದು ಕಾಯಿ. ಮುಂದಿನ ಹಂಗಾಮಿನಲ್ಲಿ ಒಂದು ಲಾಟು ಬಂದಿತ್ತು. ಬಣ್ಣ ಚೆಂದ, ಸುಕ್ಕು ಚೆಂದ, ಎಲ್ಲರೂ ತಲೆಯಾಡಿಸಿದ್ದರು. ಭಾವನಿಗೆ ಮಾತ್ರ ಅನುಮಾನ. ದೂರ ನಿಂತು ನೋಡಿದ, ಹತ್ತಿರ ಬಂದ. ತಳದಿಂದ ಒಂದು ಕಾಯಿ ಎಳೆದ. ಪೇಟೆಯವರೆಲ್ಲ ನೋಡುತ್ತಿದ್ದಂತೆ ಮಾಸ್ಕ್ ಗದ್ದಕ್ಕೆ ಇಳಿಸಿ, ಕಾಯಿ ಮುರಿದು, ಉದ್ದಕ್ಕೆ ಉಸಿರೆಳೆದ.

"ಒಳಗ ಬೂಸ್ಟು ಐತಿ," ಅಂದನಂತೆ.

ಅವನ ಮಾತು ಸರಿಯಾಗಿತ್ತು. ರಾಶಿ ಸುರಿದು ನೋಡಿದರೆ ಒಳಗೆಲ್ಲ ಬೂದಿಬಣ್ಣದ ಬೂಸ್ಟು. ಹಮಾಲರು ಶಿಳ್ಳೆ ಹೊಡೆದರಂತೆ. ಕೆಲವು ವಾರದಲ್ಲಿ ಕೆಮ್ಮು, ಆಮೇಲೆ ರಕ್ತ. ಬೂಸ್ಟು ಶ್ವಾಸಕೋಶದಲ್ಲಿ ಬೇರು ಬಿಟ್ಟಿದೆ ಎಂದರು ಡಾಕ್ಟರು. ಕೊನೆಯ ದಿನದವರೆಗೂ ಕಿಡ್ನಿ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು ಎಂದೂ ಹೇಳಿದರು. ಆ ಮಾತನ್ನು ಯಾಕಾದರೂ ಹೇಳಿದರೋ...

ಹೆಣ ಅಂಗಳದಲ್ಲಿ ಕೂರಿಸಿದ್ದಾಗ ಅಕ್ಕ ಎದ್ದು ಹೋದವಳೇ ಅವನ ಕೆನ್ನೆಗೆ ಬಾರಿಸಿದಳು. ಒಂದಲ್ಲ, ಎರಡಲ್ಲ. ಹೂವಿನ ಹಾರ ಹರಿದು ಬಿತ್ತು. ಜೀವಮಾನವಿಡೀ "ಅವ್ರು", "ನೀವು" ಎಂದವಳು ಎಲ್ಲರೆದುರು ಚೀರಿದಳು: "ನಂದ ನನಗ ಕೊಟ್ಟು ಹೋಗೋ! ಕೊಟ್ಟು ಹೋಗು!" ನಾಲ್ಕು ಜನ ಸೇರಿ ಹಿಡಿದರೂ ಅವಳ ಕೈ ನಿಲ್ಲಲಿಲ್ಲ. ನಾನು ಹಿಡಿಯಲು ಹೋಗಲಿಲ್ಲ.

ಹೋದ ವಾರ ಬಸ್ಸಿಳಿದು ಅವಳ ಮನೆಗೇ ಹೋದೆ. ಹಿತ್ತಲಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಅವಳ ತಲೆಯ ಮೇಲೆ ಬಟ್ಟೆ ಒಣಹಾಕಿದ್ದ ನೀಲಿ ಹಗ್ಗ, ಬೆಟ್ಟದಲ್ಲಿ ನಮ್ಮನ್ನು ಕಟ್ಟಿದ್ದ ಅದೇ ಹಗ್ಗ. ಭಾವನೇ ಕಟ್ಟಿದ್ದು. ನಾನು ಅದನ್ನೇ ನೋಡುತ್ತಿದ್ದುದನ್ನು ಅವಳು ನೋಡಿದಳು.

"ಅಲ್ಲೆ ಮ್ಯಾಲೆ, ಬಿಟ್ಟುಬಿಡಬೇಕು ಅನಿಸಿತ್ತಿಲ್ಲೋ ನಿನಗ?"

ಯಾರಿಗೂ ಹೇಳದ ಮಾತು ಅದು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದೆಂದೆ.

"ಆಸ್ಪತ್ರ್ಯಾಗ ಸಹಿ ಮಾಡೂಮುಂದ ನನಗೂ ಅನಿಸಿತ್ತು. ಪೆನ್ನು ಕೆಳಗಿಟ್ಟು ಎದ್ದು ಬರಬೇಕು ಅಂತ." ಒಂದು ಕಾಯಿ ಮುರಿದು ಮೂಗಿಗೆ ಹಿಡಿದಳು, ಏನೂ ತಿಳಿಯದೆ ಬುಟ್ಟಿಗೆ ಎಸೆದಳು. "ನಾನೂ ಬಿಡಲಿಲ್ಲ, ನೀನೂ ಬಿಡಲಿಲ್ಲ. ಆದ್ರೂ ಹ್ವಾದ ನೋಡು."

ಆಮೇಲೆ ಒಣಗಿದ ಬಟ್ಟೆ ತೆಗೆಯಲು ಎದ್ದಳು. ಒಂದು ಕೈ ಎಡ ಪಕ್ಕೆಯ ಗಾಯದ ಗೆರೆಯ ಮೇಲಿತ್ತು, ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದು ಬಹಳ ಹೊತ್ತು ಹಾಗೇ ನಿಂತಿದ್ದಳು.