ಬಿರುಕು ಬಿಟ್ಟ ಅಚ್ಚು

ಮೇಲಿನ ಮಲೆಯಲ್ಲಿ ಅಣೆ ಕಟ್ಟುವ ಕೆಲಸ ನಡೆಯುತ್ತಿದ್ದ ಕಾಲ ಅದು. ದಿಂಡಿಗಲ್ಲಿಗೆ ರೈಲು ಬಂದು ಬಹಳ ವರ್ಷವಾಗಿತ್ತು, ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ರೈಲು ಹತ್ತುವವರನ್ನು ತೇನಿಯಿಂದ ದಿಂಡಿಗಲ್ಲಿಗೆ ಕರೆದೊಯ್ಯುವ ಎತ್ತಿನ ಗಾಡಿ ನನ್ನ ಗಂಡನದು. ಕಬ್ಬಿಣದ ಅಚ್ಚು, ಬಿದಿರಿನ ಕಮಾನು, ಒಳಗೆ ಹುಲ್ಲಿನ ಮೇಲೆ ಹಾಸಿದ ಜಮಖಾನ. ನನಗೆ ಆ ಗಾಡಿಯ ಬಗ್ಗೆ ಜಂಬವಿತ್ತು. ಸಂತೆಯಲ್ಲಿ ಜನ ಗುರುತು ಹಿಡಿದು ನನಗೆ ದಾರಿ ಬಿಡುತ್ತಿದ್ದರು.

ಒಂದು ಮಧ್ಯಾಹ್ನ ಬತ್ತಲಗುಂಡು ದಾಟಿದ ಮೇಲೆ ಇಳಿಜಾರಿನಲ್ಲಿ ಅಚ್ಚು ಮುರಿಯಿತು. ಗಾಲಿ ಕಳಚಿ ಹೊಲಕ್ಕೆ ಉರುಳಿತು, ಗಾಡಿ ಮಗುಚಿಕೊಂಡಿತು. ಒಳಗಿದ್ದವರಿಗೆಲ್ಲ ತರಚು ಗಾಯ. ಒಬ್ಬರಿಗೆ ಮಾತ್ರ ಮಂಡಿಯ ಕೆಳಗೆ ಕಾಲು ಮುರಿಯಿತು. ಅವರು ಮಾರ್ಕಯನ್‌ಕೋಟ್ಟೈಯವರು, ಆ ತಮಿಳು ಸೀಮೆಯಲ್ಲಿ ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ಜನ. ದಪ್ಪ ಮೈಯ ಹಿರಿಯ ಹೆಂಗಸು. ದಿಂಡಿಗಲ್ಲಿನಲ್ಲಿ ಬಾಣಂತಿಯಾಗಿದ್ದ ಮಗಳನ್ನು ನೋಡಲು ಹೊರಟಿದ್ದರು.

ಗಂಡ ಊರಿಗೆ ಬಂದು ಕೇಳಿದವರಿಗೆಲ್ಲ ಒಂದೇ ಮಾತು ಹೇಳಿದರು: “ಆ ಅಕ್ಕ ಒಂದೇ ಪಕ್ಕಕ್ಕೆ ಕೂತ್ಬಿಟ್ಲು. ನಡುಕ್ಕೆ ಬಾ ಅಂದ್ರೂ ಕೇಳ್ಲಿಲ್ಲ. ಅಷ್ಟು ಬಾರ ಯಾವ ಅಚ್ಚು ತಡೀತದೆ?”

ಜನ ನಕ್ಕರು. ಗಾಡಿಗಳು ನಿಲ್ಲುವ ಹುಣಸೆ ಮರದ ಕೆಳಗೆ ಅದೊಂದು ತಮಾಷೆಯೇ ಆಗಿಹೋಯಿತು. ಮೈ ತುಂಬಿದ ಯಾರೇ ಗಾಡಿ ಹತ್ತಲು ಬಂದರೂ “ಮಾರ್ಕಯನ್‌ಕೋಟ್ಟೈಯಿಂದ ಬಂದ್ರಾ?” ಎಂದು ಕೇಳುತ್ತಿದ್ದರು.

ಮುರಿದ ಅಚ್ಚನ್ನು ತಂದು ನಮ್ಮ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದರು. ಗುಡಿಸುವಾಗ ಅದನ್ನು ಆಚೆ ಸರಿಸಲು ಹೋದೆ. ಮುರಿದ ಕಡೆ ಅಂಚಿನ ಒಂದು ಚೂರು ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಉಳಿದದ್ದೆಲ್ಲ ತುಕ್ಕು. ತುಕ್ಕಿನ ಮೇಲೆ ಕಪ್ಪಗೆ ಒಣಗಿದ ಕೀಲೆಣ್ಣೆ. ಕಬ್ಬಿಣದ ಒಳಗೆ ಎಣ್ಣೆ ಇಳಿಯಬೇಕಾದರೆ ಅಲ್ಲಿ ಮೊದಲೇ ಬಾಯಿ ಬಿಟ್ಟಿರಬೇಕು.

ಎತ್ತುಗಳ ಮೈ ತೊಳೆಯುತ್ತಿದ್ದ ಗಂಡನ ಹತ್ತಿರ ಹೋದೆ. ನಮ್ಮಲ್ಲಿ ಗಂಡನನ್ನು ಮಾವ ಎಂದೇ ಕರೆಯುವುದು.

“ಮಾವ, ಇದು ಒಂದು ದಿನದಾಗೆ ಮುರಿದದ್ದಲ್ಲ.”

“ಸುಮ್ಕಿರು.”

“ನಿಮ್ಗೆ ಗೊತ್ತಿತ್ತಾ?”

ಅವರು ಎತ್ತಿನ ಬೆನ್ನ ಮೇಲೆ ಕೈಯಿಟ್ಟು ನಿಂತುಬಿಟ್ಟರು. “ದೀವಳಿಗೆಯಿಂದ ಕಿರ್ ಅಂತಿತ್ತು. ಕೀಲೆಣ್ಣೆ ಬಿಟ್ರೆ ಸದ್ದು ನಿಲ್ಲೋದು. ಇನ್ನೊಂದು ನಡೆ ಹೋಗ್ಬರೋಕೆ ತಡೀತದೆ, ಇನ್ನೊಂದು ನಡೆ ತಡೀತದೆ ಅಂತ ಓಡಿಸ್ದೆ.”

ಆ ಕ್ಷಣ ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಕೈಹಿಡಿದವರ ಮುಖ ನೋಡಲಾಗದೆ ಪೊರಕೆ ಅಲ್ಲೇ ಬಿಟ್ಟು ಒಳಗೆ ಹೋದೆ.

ಮರುದಿನ ಅವರಿಗೆ ಹೇಳಿಯೇ ಮಾರ್ಕಯನ್‌ಕೋಟ್ಟೈಗೆ ಹೊರಟೆ. ಅವರು ತಡೆಯಲಿಲ್ಲ. ಆ ಹೆಂಗಸು ಕಾಲಿಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಅಡಿಗೆಮನೆಯ ಬಾಗಿಲಲ್ಲಿ ಮಲಗಿದ್ದರು. ನಾನು ಯಾರ ಹೆಂಡತಿ ಎಂದು ತಿಳಿದು ಅವರೇ ಮೊದಲು ಮಾತಾಡಿದರು:

“ಬಾ ತಾಯಿ. ನನ್ನಿಂದ ನಿಮ್ ಬಂಡಿ ಹೋಯ್ತು. ನಡುಕ್ಕೆ ಕೂತಿದ್ರೆ ಆಗ್ತಿತ್ತು. ಈ ಹಾಳು ಮೈ.”

ಮನೆಯ ಸೊಸೆ ಪಕ್ಕದಿಂದ, “ಅವತ್ತಿಂದ ಅಂಬಲಿ ಬಿಟ್ಟು ಏನೂ ಮುಟ್ಟೋದಿಲ್ಲ” ಎಂದಳು.

ನಿಂತ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು. “ಅತ್ತೆ, ನಿಮ್ಮಿಂದಲ್ಲ. ಅಚ್ಚು ಮೊದ್ಲೇ ಬಿರುಕು ಬಿಟ್ಟಿತ್ತು. ಅವ್ರಿಗೆ ಗೊತ್ತಿತ್ತು” ಎಂದೆ.

ಅವರು ಮೊಣಕೈ ಊರಿ ತಲೆ ಎತ್ತಿದರು. ಆಮೇಲೆ ಅವರ ದೊಡ್ಡ ದನಿ ಬಂತು. “ಒಲೆ ಮುಂದೆ ಬಂದು ನನ್ಗೊಬ್ಳಿಗೆ ಹೇಳ್ತೀಯಾ? ನಕ್ಕದ್ದು ಊರು. ನಿನ್ ಗಂಡ ಊರಿಗೆ ಹೇಳ್ಲಿ.”

ಆ ಮಾತನ್ನು ಹಾಗೆಯೇ ತಂದು ಗಂಡನಿಗೆ ಒಪ್ಪಿಸಿದೆ. ಅವರು ಉಣ್ಣದೆ ಎದ್ದರು. ಸಂತೆಯ ದಿನ ಅಚ್ಚಿನ ಎರಡು ತುಂಡುಗಳನ್ನೂ ಹೆಗಲಿಗೇರಿಸಿ ಹೊರಟರು. ನಾನು ಹಿಂದೆಯೇ ನಡೆದೆ. ಹುಣಸೆ ಮರದ ಕೆಳಗೆ ತುಂಡುಗಳನ್ನು ಇಳಿಸಿ, ತುಕ್ಕು ಕಾಣುವ ಹಾಗೆ ತಿರುಗಿಸಿ ಹೇಳಿದರು:

“ಆ ಅಕ್ಕನ ಬಾರಕ್ಕೆ ಮುರೀಲಿಲ್ಲ. ಬಿರುಕು ಬಿಟ್ಟದ್ದು ಗೊತ್ತಿದ್ದೂ ನಾನೇ ಓಡಿಸ್ದೆ. ಅವಳ ಮೇಲೆ ಹಾಕಿದ್ದು ಸುಳ್ಳು.”

ಯಾರೂ ನಗಲಿಲ್ಲ. ತೇವಾರಂ ಊರಿನ ಒಬ್ಬ ಮುದುಕ ಮುಂದೆ ಬಂದು ಕಬ್ಬಿಣವನ್ನು ಮುಟ್ಟಿ ನೋಡಿದ. “ದೀವಳಿಗೆ ಆದ್ಮೇಲೆ ನನ್ನ ಬಸುರಿ ಮಗಳನ್ನ ಇದ್ರಾಗೆ ತಾನೇ ಕಳಿಸ್ದೆ? ಜೋಪಾನ ಅಂತ ನಿನ್ ಕೈ ಹಿಡಿದು ಹೇಳಿದ್ನಲ್ಲಪ್ಪ” ಎಂದ.

ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆವು.

ಹೊಸ ಅಚ್ಚು ಹಾಕಿಸಿದೆವು. ಆದರೂ ಬಹಳ ಕಾಲ ಜನ ಹತ್ತಲಿಲ್ಲ. ಗಂಡ ಹತ್ತಿ ಮೂಟೆ ಹೇರಿಕೊಂಡು ಹೋಗುತ್ತಿದ್ದರು. ಮಾರ್ಕಯನ್‌ಕೋಟ್ಟೈಯವರ ಕಾಲು ಸೊಟ್ಟಗೆ ಕೂಡಿಕೊಂಡಿತು. ಒಂದು ಮದುವೆಯಲ್ಲಿ ಅವರೇ ನನ್ನನ್ನು ಕರೆದು, ಚಾಪೆಯಲ್ಲಿ ಜಾಗ ಮಾಡಿ ಕೂರಿಸಿಕೊಂಡರು. ಮೊಮ್ಮಗನಿಗೆ ಹಲ್ಲು ಬಂದದ್ದನ್ನು ಹೇಳಿದರು. ಗಾಡಿಯ ಮಾತು ಇಬ್ಬರೂ ಎತ್ತಲಿಲ್ಲ. ಏಳುವಾಗ ಅವರು ನನ್ನ ಭುಜ ಹಿಡಿದುಕೊಂಡು ಎದ್ದರು. ಆ ಭಾರಕ್ಕೆ ನಾನು ಅಲುಗದೆ ನಿಂತೆ, ಕಣ್ಣು ಮಾತ್ರ ಮೇಲೆತ್ತಲಾಗಲಿಲ್ಲ.